ಬ್ಯಾನಿ ತಿನ್ನಿಸುವವರ ಹಾರ್ಮೋನ್ ಪ್ರೀತಿ

ಭೀಮಾ ದಂಡೆಯ ನಮ್ಮ ಊರುಗಳಲ್ಲಿ ಹೆರಿಗೆ ನೋವಿನ ಬಗ್ಗೆ ತೀರ್ಪು ಬಂದು ಬಹಳ ಕಾಲವಾಯಿತು. ‘ಬ್ಯಾನಿ ತಿನ್ನಲಾರದಾಕಿ ಎಂಥಾ ತಾಯಿ?’ ಅನ್ನುವ ಒಂದೇ ಮಾತಿನಲ್ಲಿ ಕೇಸು ಮುಗಿದಿತ್ತು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ತೀರ್ಪಿಗೆ ಹೊಸ ವಕೀಲರು ಸಿಕ್ಕಿದ್ದಾರೆ. ಇವರು ಅತ್ತೆಯಂತೆ ಗದರುವುದಿಲ್ಲ. ಮೊಬೈಲಿನಲ್ಲಿ ನಗುನಗುತ್ತ ಬಂದು, ಹೆರಿಗೆಯಲ್ಲಿ ನೋವಿನ ಮದ್ದು ತೆಗೆದುಕೊಂಡರೆ ಆಕ್ಸಿಟೋಸಿನ್ ಇಳಿಯುತ್ತದೆ, ಎಂಡಾರ್ಫಿನ್ ಕೆಡುತ್ತದೆ, ಹಾಲು ಬರುವುದಿಲ್ಲ, ತಾಯಿ ಕೂಸಿನ ಬೆಸುಗೆ ಕೂಡುವುದಿಲ್ಲ ಎಂದು ಚಿತ್ರ ಬಿಡಿಸಿ ತೋರಿಸುತ್ತಾರೆ. ದೊಡ್ಡ ಊರುಗಳ ಗರ್ಭಿಣಿಯರ ತರಗತಿಗಳಲ್ಲಿ ಹೇಳಿಕೊಟ್ಟ ಪಾಠ ಫಾರ್ವರ್ಡ್ ಆಗುತ್ತ ಆಗುತ್ತ ಚಡಚಣಕ್ಕೂ ಬಂದು ಮುಟ್ಟಿದೆ. ಅತ್ತೆಗೆ ಖುಷಿ: ತಾನು ಹೇಳಿದ್ದನ್ನೇ ಈಗ ವಿಜ್ಞಾನವೂ ಹೇಳುತ್ತಿದೆ. ಆಸ್ಪತ್ರೆಗೂ ನಿರಾಳ: ಇಷ್ಟು ವರ್ಷ ಕೊಡದೇ ಇದ್ದದ್ದಕ್ಕೆ ಈಗ ಒಂದು ಕಾರಣ ಸಿಕ್ಕಿತು.

ಈ ವಾದದ ಮೊದಲ ಅರ್ಧ ನಿಜ, ಎರಡನೆಯ ಅರ್ಧ ಮೋಸ. ಅಫೀಮು ಜಾತಿಯ ಔಷಧಗಳು ಹೆರಿಗೆಯ ಹಾರ್ಮೋನುಗಳನ್ನು ತಟ್ಟುತ್ತವೆ ಎಂಬುದು ನಿಜ. ಆದ್ದರಿಂದ ಹೆಣ್ಣುಮಗಳು ನೋವು ತಿಂದೇ ಹಡೆಯಬೇಕು ಎಂಬುದು ಮೋಸ. ಇವೆರಡರ ನಡುವೆ ಇರುವ ಕಂದಕವನ್ನು ‘ಆದ್ದರಿಂದ’ ಎಂಬ ಒಂದು ಪದ ಹಾಕಿ ದಾಟಿಬಿಟ್ಟಿದ್ದಾರೆ.

ನಿಜವಾದ ಭಾಗವನ್ನು ಮೊದಲು ಪೂರ್ತಿ ಒಪ್ಪಿಕೊಂಡುಬಿಡೋಣ. ಆಕ್ಸಿಟೋಸಿನ್ ಮೆದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಇಳಿಯುತ್ತದೆ. ಒಂದೇ ಸಮನೆ ಇಳಿಯುವುದಿಲ್ಲ, ಬಿಟ್ಟು ಬಿಟ್ಟು ಅಲೆಯಾಗಿ ಬರುತ್ತದೆ. ಕೂಸಿನ ತಲೆ ಗರ್ಭದ ಕೊರಳನ್ನು ಒತ್ತಿದಷ್ಟೂ ಆ ಸುದ್ದಿ ನರಗಳ ಮೂಲಕ ಮೇಲಕ್ಕೆ ಹೋಗಿ ಅಲೆಗಳು ಹತ್ತಿರ ಹತ್ತಿರವಾಗುತ್ತವೆ. ಗರ್ಭಕೋಶ ಇನ್ನಷ್ಟು ಬಿಗಿಯುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಹಿಂಡುತ್ತದೆ ಎಂದು ಹೆನ್ರಿ ಡೇಲ್ ತೋರಿಸಿದ್ದು 1906ರಲ್ಲಿ. ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲೇ ಕಟ್ಟಿದ್ದು 1953ರಲ್ಲಿ, ನೊಬೆಲ್ ಬಂದದ್ದು 1955ರಲ್ಲಿ. ಆಕ್ಸಿಟೋಸಿನ್ ಬಿಡುವ ನರಕೋಶಗಳ ಕೆಲಸವನ್ನು ಮಾರ್ಫಿನ್ ತಡೆಯಬಲ್ಲದು ಎಂಬುದು ಆಮೇಲೆ ಗೊತ್ತಾಯಿತು. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬ್ರಿಟನ್ನಿನ ಸಂಶೋಧಕರು ಮರಿ ಹಾಕುತ್ತಿದ್ದ ಇಲಿಗಳಿಗೆ ಮಾರ್ಫಿನ್ ಕೊಟ್ಟರು. ಹೆರಿಗೆ ಅರ್ಧಕ್ಕೆ ತಡೆದು ನಿಂತಿತು. ಹೊರಗಿನಿಂದ ಆಕ್ಸಿಟೋಸಿನ್ ಕೊಟ್ಟಾಗ ಮತ್ತೆ ಸಾಗಿತು. 1992ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹೆರಿಗೆಯ ಮೊದಲ ಹಂತದಲ್ಲಿದ್ದ ಹೆಂಗಸರಿಗೆ ಮಾರ್ಫಿನ್ ಕೊಟ್ಟು ರಕ್ತ ಪರೀಕ್ಷಿಸಿದಾಗಲೂ ಆಕ್ಸಿಟೋಸಿನ್ ಇಳಿದದ್ದು ಕಂಡಿತು. ಇವನ್ನು ಅಲ್ಲಗಳೆಯುವ ಕಾರಣ ನನಗಿಲ್ಲ.

ಆದರೆ ಅದೇ ಇಲಿಗಳ ಕತೆಯಲ್ಲಿ ಇನ್ನೊಂದು ಪುಟವಿದೆ. ನಮ್ಮ ಹಾರ್ಮೋನ್ ಭಕ್ತರು ಅದನ್ನು ತೆರೆಯುವುದಿಲ್ಲ. ದಿನ ತುಂಬಿದ ಇಲಿಯ ಮೆದುಳು ತಾನೇ ತಯಾರಿಸಿದ ಅಫೀಮು ಜಾತಿಯ ರಾಸಾಯನಿಕಗಳಿಂದಲೇ ಆಕ್ಸಿಟೋಸಿನ್ ಕೋಶಗಳನ್ನು ಹಿಡಿದಿಟ್ಟಿರುತ್ತದೆ. ಅಫೀಮಿನ ಪ್ರಭಾವವನ್ನು ಕಳಚುವ ನ್ಯಾಲೊಕ್ಸೋನ್ ಕೊಟ್ಟರೆ ಆಕ್ಸಿಟೋಸಿನ್ ಒಮ್ಮೆಲೇ ನುಗ್ಗುತ್ತದೆ. ಎಂದರೆ ಇವರು ಹಾಡಿ ಹೊಗಳುವ ‘ಸ್ವಾಭಾವಿಕ ಎಂಡಾರ್ಫಿನ್’ ಮಾರ್ಫಿನ್ನಿನ ಮನೆತನದ್ದೇ, ಆಕ್ಸಿಟೋಸಿನ್ ಮೇಲೆ ಅದರ ಕುಟುಂಬದ ಕೈಯೂ ಹಾಗೆಯೇ ಕೆಲಸ ಮಾಡುತ್ತದೆ. ಒಳಗಿನಿಂದ ಬಂದರೆ ಅಮೃತ, ಹೊರಗಿನಿಂದ ಬಂದರೆ ವಿಷ ಎಂಬ ಲೆಕ್ಕ ಶರೀರಶಾಸ್ತ್ರದಲ್ಲಿ ಇಲ್ಲ. ಯಾವ ಹೊತ್ತಿಗೆ, ಎಷ್ಟು, ಯಾವ ದಾರಿಯಿಂದ ಬಂತು ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಮತ್ತೆ, ಇಲಿಯಲ್ಲಿ ನಿಂತ ಹೆರಿಗೆ ಹೆಂಗಸಿನಲ್ಲೂ ನಿಲ್ಲುತ್ತದೆಯೇ? ಉರುಗ್ವೆಯಲ್ಲಿ ಹೆರಿಗೆ ಮುಂದೆ ಸಾಗದೆ ಕಷ್ಟಪಡುತ್ತಿದ್ದ ನಾಲ್ಕುನೂರಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಫೀಮು ಜಾತಿಯದೇ ಆದ ಪೆಥಿಡಿನ್, ಇನ್ನೊಂದಕ್ಕೆ ಬರೀ ಉಪ್ಪುನೀರು ಕೊಟ್ಟ ಅಧ್ಯಯನ 2004ರಲ್ಲಿ ಹೊರಬಂತು. ಹೆರಿಗೆಯ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೆಥಿಡಿನ್ ಕೊಟ್ಟರೆ ಹೆರಿಗೆ ಬೇಗ ಆಗುತ್ತದೆ ಎಂಬ ಹಳೆಯ ವೈದ್ಯರ ನಂಬಿಕೆ ಬಿತ್ತು. ಆಕ್ಸಿಟೋಸಿನ್ ಬತ್ತಿ ಹೆರಿಗೆ ನಿಂತೇ ಹೋಗುತ್ತದೆ ಎಂಬ ಹೊಸಬರ ಹೆದರಿಕೆಗೂ ಅಲ್ಲಿ ಆಸರೆ ಸಿಗಲಿಲ್ಲ. ಹುಟ್ಟಿದ ಕೂಸುಗಳಿಗೆ ಮಾತ್ರ ತೊಂದರೆ ಹೆಚ್ಚಾಗಿತ್ತು.

ನಿಜವಾದ ದೂರು ಇರುವುದು ಅಲ್ಲಿ. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಸ್ನಾಯು ಸೆಳೆತದ ಮದ್ದು ಹುಡುಕುವಾಗ ಸಿಕ್ಕ ಪೆಥಿಡಿನ್ ಕೆಲವೇ ವರ್ಷಗಳಲ್ಲಿ ಹೆರಿಗೆ ಕೋಣೆ ಸೇರಿತು. 1950ರ ಹೊತ್ತಿಗೆ ಬ್ರಿಟನ್ನಿನ ಸೂಲಗಿತ್ತಿಯರು ವೈದ್ಯರನ್ನು ಕೇಳದೆ ತಾವೇ ಕೊಡಬಹುದಾಗಿತ್ತು. ಮಾಸು ದಾಟಿ ಅದು ಕೂಸಿಗೂ ಹೋಗುತ್ತದೆ. ಕೊಟ್ಟು ಎರಡು ಮೂರು ತಾಸಿಗೆ ಹುಟ್ಟಿದ ಕೂಸು ಮಂಕಾಗಿರುತ್ತದೆ, ಉಸಿರು ಹಿಡಿಯಲು ತಡಮಾಡುತ್ತದೆ. ಔಷಧ ಒಡೆದು ಆಗುವ ಪದಾರ್ಥ ಎಳೆಗೂಸಿನ ಮೈಯಿಂದ ಹೊರಹೋಗಲು ದಿನಗಟ್ಟಲೆ ಬೇಕು. ಸಾಲದ್ದಕ್ಕೆ ನೋವೂ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ರಕ್ತಕ್ಕೆ ಕೊಟ್ಟ ಮಾರ್ಫಿನ್, ಪೆಥಿಡಿನ್‌ಗಳಿಂದ ಹೆಂಗಸರಿಗೆ ಮಂಪರು ಬಂತೇ ಹೊರತು ನೋವು ಹೋಗಲಿಲ್ಲ ಎಂದು 1996ರಲ್ಲೇ ಸ್ವೀಡನ್ನಿನ ವೈದ್ಯರು ಬರೆದರು. ನಮ್ಮ ಕಡೆ ಅಪರೂಪಕ್ಕೆ ಕೊಟ್ಟರೂ ಪೆಥಿಡಿನ್‌ಗಿಂತ ಫೋರ್ಟ್ವಿನ್ ಜೊತೆಗೆ ಫೆನರ್ಗಾನ್, ಇಲ್ಲವೆ ಟ್ರಮಡಾಲ್ ಕೊಡುವುದೇ ರೂಢಿ. ಅವುಗಳ ಜಾತಕವೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಈ ಇಂಜೆಕ್ಷನ್‌ಗಳು ಬೇಡ, ಇನ್ನೂ ಒಳ್ಳೆಯದು ಬೇಕು ಎಂದು ಯಾರಾದರೂ ವಾದಿಸಿದರೆ ನಾನೂ ಅವರ ಪಕ್ಕಕ್ಕೆ ಹೋಗಿ ನಿಲ್ಲುತ್ತೇನೆ. ಹಾರ್ಮೋನ್ ವಾದಿಗಳು ಕೇಳುವುದು ಅದನ್ನಲ್ಲ. ಅವರಿಗೆ ಯಾವ ಮದ್ದೂ ಬೇಡ.

ಹಾಲಿನ ವಿಷಯದಲ್ಲಿ ಇವರು ಪದೇ ಪದೇ ತೋರಿಸುವ ಒಂದು ಅಧ್ಯಯನವಿದೆ. 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು, ಸ್ವೀಡನ್ನಿನದು, 72 ಕೂಸುಗಳನ್ನು ಗಮನಿಸಿದ್ದು. ತಾಯಿ ಪೆಥಿಡಿನ್ ತೆಗೆದುಕೊಂಡಿದ್ದ ಕೂಸುಗಳಲ್ಲಿ ಬಹುಪಾಲು ಮೊಲೆ ಚೀಪಲೇ ಇಲ್ಲ ಎಂಬ ಸಾಲನ್ನು ಎತ್ತಿ ಓದುತ್ತಾರೆ. ಅದೇ ಅಧ್ಯಯನದ ಇನ್ನೊಂದು ಸಾಲನ್ನು ನುಂಗುತ್ತಾರೆ. ಹುಟ್ಟಿದ ಕೂಸನ್ನು ತಾಯಿಯ ಮೈಮೇಲೆ ಒಂದು ತಾಸು ಹಾಗೇ ಬಿಟ್ಟಾಗ 38ರಲ್ಲಿ 24 ಕೂಸುಗಳು ಸರಿಯಾಗಿ ಮೊಲೆ ಹಿಡಿದವು. ಇಪ್ಪತ್ತು ನಿಮಿಷಕ್ಕೆ ತೂಕ ಮಾಡಲು, ಬಟ್ಟೆ ತೊಡಿಸಲು ಎತ್ತಿಕೊಂಡು ಹೋದಾಗ 34ರಲ್ಲಿ 7 ಮಾತ್ರ. ಕೂಸನ್ನು ತಾಯಿಯಿಂದ ಎತ್ತುವುದೂ ಮದ್ದಿನಷ್ಟೇ ಹಾನಿ ಮಾಡಿತು! ನಮ್ಮ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ ಕೂಡಲೇ ಏನಾಗುತ್ತದೆ ನೋಡಿ. ಬಿಳಿ ಬಟ್ಟೆಯಲ್ಲಿ ಸುತ್ತಿ, ತಕ್ಕಡಿಗೆ ಹಾಕಿ, ಗಂಡೋ ಹೆಣ್ಣೋ ಎಂದು ಹೊರಗೆ ಕಾಯುವವರಿಗೆ ತೋರಿಸಿ, ಕೆಲವು ಕಡೆ ‘ಪೇಢಾಕ್ಕ ಏನಾರ ಕೊಡ್ರಿ’ ಎಂದು ಕೈಚಾಚಿ, ಎಲ್ಲ ಮುಗಿದ ಮೇಲೆ ತಾಯಿಯ ಪಕ್ಕಕ್ಕೆ ತರುತ್ತಾರೆ. ಅಷ್ಟರಲ್ಲಿ ಮೊದಲ ತಾಸು ಹೋಗಿರುತ್ತದೆ. ಬೆಸುಗೆಯ ಬಗ್ಗೆ ಭಾಷಣ ಮಾಡುವವರು ಈ ಪೇಢಾ ಮೆರವಣಿಗೆಯ ವಿರುದ್ಧ ಒಂದು ವಿಡಿಯೋ ಮಾಡಿದ್ದನ್ನು ನಾನು ಕಂಡಿಲ್ಲ.

ಈಗ ನೋವಿನ ಮಾತಿಗೆ ಬರುತ್ತೇನೆ. ನೋವು ತಾನು ಹಾರ್ಮೋನುಗಳಿಗೆ ಏನೂ ಮಾಡುವುದಿಲ್ಲವೇ? ಇಡೀ ವಾದ ನಿಂತಿರುವುದು ಮದ್ದಿಲ್ಲದ ಹೆರಿಗೆಯಲ್ಲಿ ಹಾರ್ಮೋನುಗಳು ತಮ್ಮಷ್ಟಕ್ಕೆ ಹಿತವಾಗಿ ಹರಿಯುತ್ತವೆ ಎಂಬ ಕಲ್ಪನೆಯ ಮೇಲೆ. ಹೆದರಿಕೆಯಿಲ್ಲದ ಹೆಂಗಸಿಗೆ ಅದು ಇರಬಹುದು. ಹೆದರಿದವಳಿಗೆ ಇಲ್ಲ. ನೋವು, ಅಂಜಿಕೆ, ಒಂಟಿತನ ಮೂರೂ ಕೂಡಿದರೆ ಅಡ್ರಿನಲಿನ್ ಏರುತ್ತದೆ, ಕಾರ್ಟಿಸಾಲ್ ಏರುತ್ತದೆ. ಅಡ್ರಿನಲಿನ್ ಗರ್ಭಕೋಶವನ್ನು ಸಡಿಲಿಸುತ್ತದೆ. ಏಳು ತಿಂಗಳಿಗೇ ಬೇನೆ ಕಾಣಿಸಿಕೊಂಡರೆ ನಮ್ಮ ಡಾಕ್ಟರರು ಬರೆದುಕೊಡುವ ಡ್ಯುವಾಡಿಲಾನ್ ಗುಳಿಗೆ ಕೆಲಸ ಮಾಡುವುದೂ ಇದೇ ದಾರಿಯಲ್ಲಿ, ಅಡ್ರಿನಲಿನ್ ಕೂಡುವ ಜಾಗದಲ್ಲೇ. ರೆಜಿನಾ ಲೆಡರ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಚೊಚ್ಚಲ ಬಸುರಿಯರ ರಕ್ತ ಪರೀಕ್ಷಿಸಿ, ಆತಂಕ ಹೆಚ್ಚಿದ್ದಲ್ಲಿ ಅಡ್ರಿನಲಿನ್ ಹೆಚ್ಚು, ಅಡ್ರಿನಲಿನ್ ಹೆಚ್ಚಿದ್ದಲ್ಲಿ ಗರ್ಭಕೋಶದ ಹಿಂಡುವಿಕೆ ಕಡಿಮೆ, ಹೆರಿಗೆ ನಿಧಾನ ಎಂದು ತೋರಿಸಿದರು. ಬೆನ್ನಿಗೆ ಎಪಿಡ್ಯೂರಲ್ ಕೊಟ್ಟು ನೋವು ಇಳಿಸಿದಾಗ ಅಡ್ರಿನಲಿನ್ ಇಳಿದದ್ದನ್ನು 1983ರಲ್ಲಿ ಇನ್ನೊಂದು ತಂಡ ಅಳೆದು ಹೇಳಿತು. ಹಾರ್ಮೋನ್ ಕೆಡಿಸುವವರ ಪಟ್ಟಿ ಬರೆಯುವುದಾದರೆ ಚೀರಾಟದ ನೋವಿನ ಹೆಸರೂ ಅದರಲ್ಲಿ ಬರಬೇಕು.

ಇದನ್ನು ಇಂಡಿ ತಾಲೂಕಿನ ಯಾವ ಹೈನದ ಹೆಣ್ಣುಮಗಳಿಗೂ ಸಂಶೋಧನೆ ತೋರಿಸಿ ಒಪ್ಪಿಸಬೇಕಿಲ್ಲ. ಹೊಸಬರು ಕೆಚ್ಚಲಿಗೆ ಕೈ ಹಾಕಿದರೆ, ನಾಯಿ ಬೊಗಳಿದರೆ, ಕರು ಕಾಣದಿದ್ದರೆ ಎಮ್ಮೆ ಹಾಲು ಬಿಡುವುದಿಲ್ಲ. ಹಾಲು ಇಲ್ಲದೆ ಅಲ್ಲ, ಇಳಿಸುವುದಿಲ್ಲ. ಅಲ್ಲೂ ಕೆಲಸ ಮಾಡುವುದು ಇದೇ ಆಕ್ಸಿಟೋಸಿನ್, ತಡೆಯುವುದೂ ಇದೇ ಅಡ್ರಿನಲಿನ್. ಜಾಣೆಯಾದವಳು ಎಮ್ಮೆಯ ಮೈ ಸವರಿ, ಹಿಂಡಿ ಇಟ್ಟು, ಸುತ್ತಲಿನವರನ್ನು ಸುಮ್ಮನಿರಿಸಿ ಕೂಡುತ್ತಾಳೆ. ಅವಸರದವನು ಸೂಜಿ ಚುಚ್ಚುತ್ತಾನೆ. ಕರು ಸತ್ತ ಎಮ್ಮೆಗೆ ಆಕ್ಸಿಟೋಸಿನ್ ಚುಚ್ಚಿ ಹಾಲು ಹಿಂಡುವ ಈ ದಂಧೆ ದೇಶದಲ್ಲಿ ಎಷ್ಟು ಬೆಳೆಯಿತೆಂದರೆ, 2018ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ದೇಶದೊಳಗೆ ಮಾರಲು ಆಕ್ಸಿಟೋಸಿನ್ ತಯಾರಿಸುವುದನ್ನೇ ನಿಲ್ಲಿಸಿ, ಬೆಂಗಳೂರಿನ ಸರಕಾರಿ ಕಾರ್ಖಾನೆ ಕರ್ನಾಟಕ ಆಂಟಿಬಯಾಟಿಕ್ಸ್ ಒಂದಕ್ಕೇ ಆ ಕೆಲಸ ವಹಿಸಲು ಹೊರಟಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಲು ಇದೇ ಮದ್ದು ಬೇಕು, ಒಂದೇ ಕಾರ್ಖಾನೆ ನಂಬಿ ಕೂತರೆ ಬಾಣಂತಿಯರು ಸಾಯುತ್ತಾರೆ ಎಂಬ ತಕರಾರು ದಿಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಅದೇ ವರ್ಷದ ಡಿಸೆಂಬರ್ 14ರಂದು ಕೋರ್ಟು ಆ ಆದೇಶ ರದ್ದುಮಾಡಿತು. ಎಮ್ಮೆಗೆ ಚುಚ್ಚುವ ಆಕ್ಸಿಟೋಸಿನ್ ಬಗ್ಗೆ ದೇಶವೇ ಇಷ್ಟು ಗದ್ದಲ ಮಾಡಿತು. ಹೆಣ್ಣುಮಗಳಿಗೆ ಹಾಕುವ ಡ್ರಿಪ್ಪಿನ ಬಗ್ಗೆ?

ಅದನ್ನು ಹತ್ತಿರದಿಂದ ನೋಡೋಣ. ನಮ್ಮ ಜಿಲ್ಲೆಯದೇ ಎಂದಲ್ಲ, ರಾಜ್ಯದ ಯಾವ ತಾಲೂಕಿನಲ್ಲಾದರೂ ಇರಬಹುದಾದ ಹೆರಿಗೆ ಕೋಣೆ. ಸ್ಟೀಲ್ ಟೇಬಲ್ಲಿನ ಮೇಲೆ ಚೊಚ್ಚಲ ಬಸುರಿ, ಮೊಣಕಾಲು ಮಡಚಿ ಮಲಗಿದ್ದಾಳೆ. ಪಕ್ಕದ ಟೇಬಲ್ಲಿಗೂ ಇದಕ್ಕೂ ನಡುವೆ ಮರೆಯಿಲ್ಲ. ಎಡಗೈಗೆ ಸಲೈನ್, ಅದರೊಳಗೆ ಆಕ್ಸಿಟೋಸಿನ್. ಗರ್ಭದ ಕೊರಳು ಬೇಗ ತೆರೆಯಲಿ ಎಂದು ಎಪಿಡೋಸಿನ್ ಚುಚ್ಚಿಯಾಗಿದೆ. ಅವ್ವ ಬಾಗಿಲಾಚೆ, ಕೈಯಲ್ಲಿ ಚಹಾದ ಥರ್ಮಾಸು, ಒಳಗೆ ಬಿಡುವುದಿಲ್ಲ. ಹುಡುಗಿ ಸಿಸ್ಟರ್ ಸೆರಗು ಹಿಡಿಯುತ್ತಾಳೆ: ‘ಯಕ್ಕಾ, ತಡ್ಕೋಳಾಕ ಆಗವಲ್ದು, ಏನಾರ ಕೊಡ್ರಿ.’ ಉತ್ತರ ಸಿದ್ಧವಿದೆ: ‘ಸುಮ್ನಿರು ತಂಗಿ, ಬ್ಯಾನಿ ಬಂದ್ರನ ಕೂಸು ಬರತೈತಿ. ನಾವೇನು ಹಡದಿಲ್ಲೇನು?’ ಅಲ್ಲಿಗೂ ಸುಮ್ಮನಾಗದಿದ್ದರೆ ಗಂಡನ ಹೆಸರೆತ್ತಿ ಹೇಳುವ ಇನ್ನೊಂದು ಮಾತಿದೆ, ಅದನ್ನು ಬರೆಯಲು ನನಗೆ ನಾಚಿಕೆ. ಆಮೇಲೆ ಸಿಸ್ಟರ್ ಸಲೈನ್ ಗಾಲಿಯನ್ನು ಸ್ವಲ್ಪ ತಿರುವಿ ಹನಿ ಜೋರು ಮಾಡುತ್ತಾಳೆ.

ಸಿಸ್ಟರನ್ನು ಬೈದು ನನಗೆ ಸಮಾಧಾನವಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದು ಎರಡು ಟೇಬಲ್ಲು ನೋಡುವವಳಿಗೆ ಬೆಳಗಾಗುವುದರೊಳಗೆ ಎರಡೂ ಹೆರಿಗೆ ಮುಗಿಯಬೇಕು, ಇಲ್ಲವೆ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಕಳಿಸಬೇಕು. ನನ್ನ ಪ್ರಶ್ನೆ ಹಾರ್ಮೋನ್ ವಾದಿಗಳಿಗೆ. ಆ ಡ್ರಿಪ್ಪಿನಲ್ಲಿ ಇಳಿಯುತ್ತಿರುವುದೂ ಹಾರ್ಮೋನ್ ಅಲ್ಲವೇ? ಅಲೆಯಾಗಿ ಬರಬೇಕಾದದ್ದನ್ನು ಸತತ ಹನಿಯಾಗಿ ಕೊಡುತ್ತಾರೆ. ರಕ್ತದಿಂದ ಮೆದುಳಿಗೆ ಅದು ಸರಿಯಾಗಿ ದಾಟುವುದಿಲ್ಲವಾದ್ದರಿಂದ ನೀವು ಬೆಸುಗೆ ಎಂದು ಕರೆಯುವ ಕೆಲಸಕ್ಕೂ ಅದು ಒದಗುವುದಿಲ್ಲ. ಹಿಂಡುವಿಕೆಯನ್ನು ಮಾತ್ರ ಜೋರು ಮಾಡುತ್ತದೆ, ನೋವನ್ನು ಏರಿಸುತ್ತದೆ. ನೋವು ಕಡಿಮೆ ಮಾಡುವ ಔಷಧ ಪ್ರಕೃತಿಗೆ ವಿರುದ್ಧ, ನೋವು ಹೆಚ್ಚಿಸುವ ಔಷಧ ಪ್ರಕೃತಿಯ ಪರ ಎಂಬ ಈ ನ್ಯಾಯ ಯಾವ ಶಾಸ್ತ್ರದ್ದು? ತಮಿಳುನಾಡಿನ ಹೆರಿಗೆಗಳನ್ನು ಅಧ್ಯಯನ ಮಾಡಿ ಸಿಸಿಲಿಯಾ ವಾನ್ ಹಾಲೆನ್ 2003ರಲ್ಲಿ ಪುಸ್ತಕ ಪ್ರಕಟಿಸಿದರು. ಬೇನೆ ಏರಿಸುವ ಇಂಜೆಕ್ಷನ್‌ಗೆ ಬೇಡಿಕೆ, ಇಳಿಸುವುದಕ್ಕೆ ಇಲ್ಲ ಎಂಬುದು ಅವರು ಅಲ್ಲಿ ಕಂಡದ್ದು. ನೋವು ತಿಂದರೆ ಹೆಣ್ಣಿಗೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಅದರ ಹಿಂದೆ. ನಮ್ಮ ಕಡೆಗೂ ಅದು ಹೊಸದಲ್ಲ. ಆ ನಂಬಿಕೆಯನ್ನು ನಂಬಿಕೆ ಎಂದೇ ಹೇಳಿದ್ದರೆ ಗೌರವಿಸಬಹುದಿತ್ತು. ಅದಕ್ಕೆ ಬಿಳಿ ಕೋಟು ತೊಡಿಸಿ ವಿಜ್ಞಾನ ಎಂದು ಕರೆತಂದದ್ದರಿಂದಲೇ ಈ ಜಗಳ.

ಇಂಥ ವೇಷ ಹಿಂದೆಯೂ ಹಾಕಿದ್ದಾರೆ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ ಬೈಬಲ್ಲಿನ ಶಾಪ ತೋರಿಸಿ ಆಕ್ಷೇಪಿಸಿದವರಿದ್ದರು, ಅವರಿಗೆ ಸಿಂಪ್ಸನ್ ಬೈಬಲ್ಲಿನಿಂದಲೇ ಉತ್ತರ ಬರೆದ. 1853ರಲ್ಲಿ ರಾಣಿ ವಿಕ್ಟೋರಿಯಾ ತನ್ನ ಎಂಟನೆಯ ಹೆರಿಗೆಗೆ ಅದನ್ನು ಪಡೆದ ಮೇಲೆ ಆಕ್ಷೇಪದ ದನಿ ಸಣ್ಣದಾಯಿತು. ಅಲ್ಲಿ ದೇವರು, ಇಲ್ಲಿ ಹಾರ್ಮೋನು.

ಇನ್ನು ಸಿಸೇರಿಯನ್. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, 31.5 ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು 23.6 ಇತ್ತು. ಬೇನೆ ಶುರುವಾಗುವ ಮೊದಲೇ ದಿನ ನೋಡಿ ಹೊಟ್ಟೆ ಕೊಯ್ದರೆ ಹೆರಿಗೆಯ ಆಕ್ಸಿಟೋಸಿನ್ ಅಲೆ ಏಳುವ ಪ್ರಶ್ನೆಯೇ ಇಲ್ಲ. ಹಾರ್ಮೋನಿನ ಮೇಲೆ ನಿಜವಾದ ಕಳಕಳಿ ಇದ್ದವರು ಮೊದಲು ಬಾಯಿ ತೆರೆಯಬೇಕಾದದ್ದು ಇಲ್ಲಿ. ಈ ಏರಿಕೆಗೆ ಕಾರಣಗಳು ಹಲವು, ಆಸ್ಪತ್ರೆಯ ಬಿಲ್ಲೂ ಅದರಲ್ಲೊಂದು. ಆದರೆ ‘ನನ್ನ ಅಕ್ಕನ ಚೀರಾಟ ಕೇಳೇನಿ, ನಂಗ ಕೊಯ್ದು ತಗದುಬಿಡ್ರಿ’ ಎನ್ನುವ ಹುಡುಗಿಯರೂ ಇದ್ದಾರೆ. ನೋವಿಗೆ ಮದ್ದು ಕೊಡುವುದಿಲ್ಲ ಎಂದವರು ಅವಳನ್ನು ಚಾಕುವಿನ ಕಡೆಗೆ ತಳ್ಳಿದ್ದಾರೆ, ಚಾಕುವಿನ ಹಾರ್ಮೋನ್ ಲೆಕ್ಕ ಮಾತ್ರ ಕೇಳುವುದಿಲ್ಲ.

ಬೆಸುಗೆ ಎಂಬ ಬೆದರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಕ್ತದಲ್ಲಿ ನಿಮಿಷಗಳಲ್ಲಿ ಒಡೆದುಹೋಗುವ ಒಂದು ಹಾರ್ಮೋನಿನ ಆ ದಿನದ ಮಟ್ಟದ ಮೇಲೆ ತಾಯ್ತನ ನಿಂತಿದೆ ಎಂದಾದರೆ, ಸಿಸೇರಿಯನ್ ಆದ ತಾಯಂದಿರು, ದತ್ತು ತಾಯಂದಿರು, ಅವ್ವ ತೀರಿಕೊಂಡ ಮೊಮ್ಮಕ್ಕಳನ್ನು ಸಾಕಿದ ನಮ್ಮ ಆಯಿಗಳು, ಕಬ್ಬು ಕಡಿಯಲು ಹೋದ ಅಣ್ಣನ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡ ಅತ್ತೆಯರು, ಇವರೆಲ್ಲ ಯಾರು? ಚೊಚ್ಚಲ ಬಾಣಂತಿಯ ಮನಸ್ಸು ಮೊದಲೇ ಕುಗ್ಗಿರುತ್ತದೆ. ನೋವು ತಡೆಯಲಾರದೆ ಮದ್ದು ಕೇಳಿದ್ದಕ್ಕೆ ನಿನ್ನ ಕೂಸಿನ ಪ್ರೀತಿ ಕಡಿಮೆಯಾಯಿತು ಎಂದು ಅವಳ ತಲೆಗೆ ಹಾಕುವುದು ಕ್ರೌರ್ಯ. ಇದಕ್ಕಿಂತ ಮೆದುವಾದ ಪದ ನನ್ನಲ್ಲಿಲ್ಲ.

ಈ ಹಾರ್ಮೋನ್ ವಾದ ಬೆಳೆದದ್ದು ಅಮೆರಿಕದಂಥ ದೇಶಗಳಲ್ಲಿ. ಅಲ್ಲಿ ಹೆಚ್ಚಿನ ಹೆಂಗಸರಿಗೆ ಎಪಿಡ್ಯೂರಲ್ ಕೇಳಿದ ಕೂಡಲೇ ಸಿಗುತ್ತದೆ. ಎಲ್ಲದಕ್ಕೂ ಮದ್ದು, ಎಲ್ಲದಕ್ಕೂ ಯಂತ್ರ ಎಂದು ರೋಸಿದವರು, ಮದ್ದಿಲ್ಲದೆಯೂ ಹೆರಬಲ್ಲೆ ನನ್ನನ್ನು ಬಿಡಿ ಎಂದು ಕೇಳಿದರು. ಅದಕ್ಕೂ ಮುಂಚೆ, ನೂರು ವರ್ಷದ ಕೆಳಗೆ, ಮಾರ್ಫಿನ್ ಜೊತೆ ಸ್ಕೊಪೊಲಮಿನ್ ಬೆರೆಸಿ ಹೆಂಗಸರಿಗೆ ನೆನಪೇ ಉಳಿಯದಂತೆ ಹೆರಿಸುವ ‘ಅರೆನಿದ್ದೆ’ ಹೆರಿಗೆಯ ಹುಚ್ಚು ಜರ್ಮನಿಯಿಂದ ಅಮೆರಿಕಕ್ಕೆ ಹಬ್ಬಿತ್ತು. ಅದರ ಕಹಿ ಅನುಭವವೂ ಅವರ ಬೆನ್ನಿಗಿತ್ತು. ಅವರ ಬೇಡಿಕೆಯಲ್ಲಿ ಅರ್ಥವಿದೆ. ಆಯ್ಕೆ ಇದ್ದವಳು ಬೇಡ ಎನ್ನುವುದು ಅವಳ ಹಕ್ಕು. ಅದೇ ಮಾತನ್ನು ತಂದು, ಒಂದು ಪ್ಯಾರಸಿಟಮಾಲೂ ಸಿಗದ ನಮ್ಮ ಹುಡುಗಿಯರಿಗೆ ಹೇಳುವುದು ಹೋಳಿಗೆ ಉಂಡವರು ಹಸಿದವಳಿಗೆ ಏಕಾದಶಿಯ ಮಹತ್ವ ಹೇಳಿದಂತೆ.

ಸಿಗದಿರಲು ಕಾರಣ ಹಾರ್ಮೋನ್ ಅಲ್ಲ, ಕಾಗದ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶಗಳಲ್ಲಿ ನಮ್ಮದು ಮುಂಚೂಣಿಯದು. ಮಧ್ಯಪ್ರದೇಶದ ನೀಮಚ್, ಮಂದಸೌರ್‌ಗಳಲ್ಲಿ ಸರಕಾರದ ಪರವಾನಗಿ ಹಿಡಿದೇ ರೈತರು ಬೆಳೆಯುತ್ತಾರೆ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಡಲು ಹಲವು ಇಲಾಖೆಗಳ ಲೈಸೆನ್ಸು, ಅವುಗಳ ಅವಧಿ ಮುಗಿಯುವುದು ಒಂದೊಂದು ದಿನ, ಲೆಕ್ಕದಲ್ಲಿ ಒಂದು ಆಂಪೂಲು ತಪ್ಪಿದರೆ ಜೈಲಿನ ಭಯ. ಆಸ್ಪತ್ರೆಗಳು ಕೈಬಿಟ್ಟವು. ಕ್ಯಾನ್ಸರ್ ರೋಗಿಗಳು ನರಳಿ ಸತ್ತರು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್ ಸೇರಿದಂತೆ ಆರು ಔಷಧಗಳಿಗೆ ದಾರಿ ಸಲೀಸು ಮಾಡಿತು, ಪೆಥಿಡಿನ್ ಆ ಪಟ್ಟಿಗೆ ಬರಲಿಲ್ಲ. 2018ರಲ್ಲಿ ಟ್ರಮಡಾಲ್ ಕೂಡ ಈ ಕಾಯ್ದೆಯೊಳಗೆ ಬಂತು. ಇನ್ನು ಎಪಿಡ್ಯೂರಲ್ ಕೊಡಲು ಅರಿವಳಿಕೆ ತಜ್ಞರು ಹೆರಿಗೆ ಮುಗಿಯುವವರೆಗೂ ಕೈಗೆ ಸಿಗುವಂತಿರಬೇಕು. ಸಿಸೇರಿಯನ್‌ಗೇ ಪಕ್ಕದ ಊರಿಂದ ಫೋನ್ ಮಾಡಿ ಕರೆಸುವ ಕಡೆ ಇದು ದೂರದ ಮಾತು. ಈ ಕೊರತೆಗಳನ್ನು ಕೊರತೆ ಎಂದು ಹೇಳಿದರೆ ಯಾರಾದರೂ ತುಂಬಿಕೊಡಬೇಕಾಗುತ್ತದೆ. ‘ಹಾರ್ಮೋನ್ ಹಾಳಾಗತೈತಿ’ ಎಂದರೆ ಏನೂ ಮಾಡಬೇಕಿಲ್ಲ, ಪುಣ್ಯವೂ ಬಂತು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆಯ ಶಿಫಾರಸು ಹೊರಡಿಸಿದಾಗ ಈ ಹಾರ್ಮೋನ್ ಸಂಗತಿಗಳೆಲ್ಲ ಅದರ ಮುಂದಿದ್ದವು. ಆದರೂ ಅದು ಹೇಳಿದ್ದು, ಕೇಳಿದ ಹೆಂಗಸಿಗೆ ಎಪಿಡ್ಯೂರಲ್ ಇಲ್ಲವೆ ಫೆಂಟನಿಲ್, ಪೆಥಿಡಿನ್‌ನಂಥ ಔಷಧ ಕೊಡಬಹುದು ಎಂದೇ. ಕೇಳಿದವಳಿಗೆ, ಎಲ್ಲರಿಗೂ ಅಲ್ಲ. ಎಪಿಡ್ಯೂರಲ್‌ಗೂ ಬೆಲೆ ಇದೆ: ಗರ್ಭದ ಕೊರಳಿನ ಒತ್ತಡದ ಸುದ್ದಿ ಮೇಲಕ್ಕೆ ಹೋಗುವುದು ಕಡಿಮೆಯಾಗಿ ಕೊನೆಯ ಹಂತದ ಆಕ್ಸಿಟೋಸಿನ್ ಏರಿಕೆ ತಗ್ಗುತ್ತದೆ, ಹೊರದಬ್ಬುವ ಹೊತ್ತು ಉದ್ದವಾಗುತ್ತದೆ. ಸಿಸೇರಿಯನ್ ಹೆಚ್ಚಾಗುವುದಿಲ್ಲ. ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಬಸುರಿಗೆ ಏಳನೇ ತಿಂಗಳಲ್ಲೇ ಹೇಳಬೇಕು, ತೂಗಿ ನೋಡುವವಳು ಅವಳು.

ಮದ್ದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ಹೆರಿಗೆಯುದ್ದಕ್ಕೂ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಕೈ ಹಿಡಿದು, ಬೆನ್ನು ತಿಕ್ಕಿ, ಮಾತಾಡಿಸಿದ ಬಸುರಿಯರಿಗೆ ಸರಾಸರಿ 8.7 ತಾಸಿಗೆ ಹೆರಿಗೆಯಾದರೆ, ಒಂಟಿಯಾಗಿದ್ದವರಿಗೆ 19.3 ತಾಸು ಹಿಡಿಯಿತು. ಇದು 1980ರ ವರದಿ. ಸಣ್ಣ ಅಧ್ಯಯನ, ಅಷ್ಟು ದೊಡ್ಡ ವ್ಯತ್ಯಾಸ ಆಮೇಲೆ ಮತ್ತೆ ಕಾಣಲಿಲ್ಲ. ಆದರೂ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಕೂಡಿಸಿದ 2017ರ ಪರಿಶೀಲನೆ ಅದೇ ದಿಕ್ಕನ್ನು ತೋರಿಸಿತು: ಜೊತೆಗಾತಿ ಇದ್ದರೆ ಹೆರಿಗೆ ತುಸು ಬೇಗ, ಸಿಸೇರಿಯನ್ ಕಡಿಮೆ, ನೋವಿನ ಮದ್ದಿನ ಅಗತ್ಯವೂ ಕಡಿಮೆ. ಹಾರ್ಮೋನ್ ಉಳಿಸುವ ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ. ಭಾರತ ಸರಕಾರ 2016ರಲ್ಲೇ ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬಹುದೆಂದು ಹೇಳಿದೆ, ಮರೆ ಇರುವಲ್ಲಿ ಗಂಡನನ್ನೂ. 2017ರ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಅದು ಸೇರಿದೆ. ಆದರೂ ಅವ್ವಂದಿರು ಇನ್ನೂ ಬಾಗಿಲಾಚೆಯೇ ನಿಂತಿದ್ದಾರೆ. ಕೇಳಿದರೆ, ಪಕ್ಕದ ಟೇಬಲ್ಲಿನವಳಿಗೆ ಮರೆಯಿಲ್ಲ, ಹೇಗೆ ಬಿಡುವುದು ಎನ್ನುತ್ತಾರೆ. ಮರೆ ಎಂದರೆ ಎರಡು ಟೇಬಲ್ಲಿನ ನಡುವೆ ಒಂದು ಪರದೆ. ಚಡಚಣದಲ್ಲಿ ಬಟ್ಟೆಗೆ ಬರವೇ? ಮದುವೆ ಬಸ್ತಾ ಕಟ್ಟಿಸಲು ಸುತ್ತಲಿನ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಗಾಡಿ ಕಟ್ಟಿಕೊಂಡು ಜನ ಬರುವ ಊರದು.

ಹೀಗಾಗಿ ಇಂಡಿಯಲ್ಲೋ ಸಿಂದಗಿಯಲ್ಲೋ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆ ಸೇರಿದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಪರದೆ ಹಾಕಿಸಿದ್ದೀರಾ, ಅವ್ವನನ್ನು ಒಳಗೆ ಬಿಡುತ್ತೀರಾ? ಬೇನೆ ಬಂದವಳನ್ನು ಎದ್ದು ಓಡಾಡಲು ಬಿಡುತ್ತೀರಾ, ಟೇಬಲ್ಲಿಗೇ ಕಟ್ಟಿಹಾಕುತ್ತೀರಾ? ಡ್ರಿಪ್ಪು ಹಾಕುವ ಮೊದಲು ಯಾಕೆ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತೀರಾ? ಟ್ರಮಡಾಲೋ ಫೋರ್ಟ್ವಿನ್ನೋ ಕೊಟ್ಟರೆ ಕೊಟ್ಟ ಹೊತ್ತು ಗುರುತು ಹಾಕುತ್ತೀರಾ, ಕೂಸಿಗೆ ಉಸಿರು ಕೊಡುವ ಬ್ಯಾಗು ಮಾಸ್ಕು ಕೈಯಳತೆಯಲ್ಲಿ ಇದೆಯಾ, ಅದನ್ನು ಒತ್ತಲು ರಾತ್ರಿ ಪಾಳಿಯವರಿಗೆ ಬರುತ್ತದಾ? ಬಸುರಿ ತಾನೇ ಉಸಿರೆಳೆದುಕೊಂಡು ನೋವು ತಗ್ಗಿಸಿಕೊಳ್ಳುವ ಎಂಟೊನಾಕ್ಸ್ ಅನಿಲದ ಸಿಲಿಂಡರ್ ಜಿಲ್ಲೆಗೆ ಎಂದು ಬರುತ್ತದೆ? ಅರಿವಳಿಕೆ ತಜ್ಞರ ಹುದ್ದೆ ಖಾಲಿ ಎಂದು ಮೇಲಕ್ಕೆ ಬರೆದು ಎಷ್ಟು ದಿನವಾಯಿತು? ಹುಟ್ಟಿದ ಕೂಸನ್ನು ಒಂದು ತಾಸು ತಾಯಿಯ ಎದೆಯ ಮೇಲೆ ಬಿಟ್ಟು, ತೂಕ ಆಮೇಲೆ ಮಾಡಿದರೆ ಯಾರ ಗಂಟು ಹೋಗುತ್ತದೆ?

ಇವಕ್ಕೆ ಉತ್ತರ ಬಂದ ಮೇಲೆ ಮೊಬೈಲಿನ ಗುರುಗಳು ಹಾರ್ಮೋನಿನ ಚಿತ್ರಪಟ ಬಿಚ್ಚಲಿ. ಟೇಬಲ್ಲಿನ ಮೇಲಿದ್ದವಳು, ಅವಳ ಕೈ ಹಿಡಿದ ಅವ್ವ, ಇಬ್ಬರೂ ಕೇಳಲಿ. ಕೇಳಿ, ಬೇಕೋ ಬೇಡವೋ ತಾವೇ ಹೇಳಲಿ.